ಸಹಪಾಠಿಗಳ ಪಾಲಿನ ಕಾಲುಭಾಗ: ಕಾಲೇಜಿನ ತರಗತಿಯೂ ಸಾಮಾಜಿಕ ಜಾಲತಾಣವೂ

ಪೀಠಿಕೆ

ವಿದ್ಯೆಯು ಶಿಷ್ಯನಿಗೆ ನಾಲ್ಕು ಪಾದಗಳಾಗಿ ಒದಗುತ್ತದೆಂದು ಹಿಂದಿನ ವಿದ್ವಾಂಸರು ಹೇಳುತ್ತಿದ್ದರು. ಅವುಗಳಲ್ಲಿ ಒಂದು ಪಾದವು ಆಚಾರ್ಯನಿಂದ ಬರತಕ್ಕದ್ದು. ಇನ್ನೊಂದು ಶಿಷ್ಯನ ಸ್ವಂತ ಬುದ್ಧಿಬಲದಿಂದ ದೊರೆಯತಕ್ಕದ್ದು. ಮೂರನೆಯದು ಜೊತೆಗೂಡಿ ಓದುವ ಸಹಪಾಠಿಗಳಿಂದ ಲಭಿಸತಕ್ಕದ್ದು. ಕಡೆಯದು ಕಾಲಕ್ರಮದಲ್ಲಿ ತಾನಾಗಿ ಪಕ್ವವಾಗತಕ್ಕದ್ದು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರು ಬಾಲ್ಯದಲ್ಲಿಯೇ ಕೇಳಿರುವ ಈ ಮಾತಿನಲ್ಲಿ ಒಂದು ವಿಶೇಷವಡಗಿದೆ. ಆಚಾರ್ಯನಿಗೆ ಎಷ್ಟು ಪಾಲನ್ನು ಸಲ್ಲಿಸಲಾಗಿದೆಯೋ ಅಷ್ಟೇ ಪಾಲನ್ನು, ಎಳ್ಳಷ್ಟೂ ಕಡಿಮೆಮಾಡದೆ, ಪಕ್ಕದಲ್ಲಿ ಕುಳಿತ ಗೆಳೆಯನಿಗೂ ಸಲ್ಲಿಸಲಾಗಿದೆ. ಗುರುಭಕ್ತಿಯನ್ನು ಅಷ್ಟೊಂದು ಎತ್ತರದಲ್ಲಿರಿಸಿದ ಪರಂಪರೆಯೇ ಇಂತಹ ಸಮಪಾಲನ್ನು ಹಂಚಿಟ್ಟಿತೆಂಬುದು ಆಲೋಚನೆಗೆ ಯೋಗ್ಯವಾದ ವಿಷಯ.

ಇಂದಿನ ಕಾಲೇಜುಗಳ ವ್ಯವಸ್ಥೆಯನ್ನು ಈ ಅಳತೆಗೋಲಿನಿಂದ ಅಳೆದು ನೋಡಿದರೆ ಒಂದು ಕೊರತೆ ಎದ್ದುಕಾಣುತ್ತದೆ. ಆಚಾರ್ಯಪಾದಕ್ಕಾಗಿ ವೇಳಾಪಟ್ಟಿಯುಂಟು, ಕೊಠಡಿಯುಂಟು, ಕರಿಹಲಗೆಯುಂಟು, ಹಾಜರಿ ಪುಸ್ತಕವುಂಟು. ಸ್ವಂತ ಬುದ್ಧಿಯ ಪಾದಕ್ಕಾಗಿ ಗ್ರಂಥಾಲಯವುಂಟು, ಪರೀಕ್ಷೆಯುಂಟು. ಕಾಲಪಾದವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಸಹಪಾಠಿಗಳ ಪಾದಕ್ಕಾದರೋ ವೇಳಾಪಟ್ಟಿಯಲ್ಲಿ ಒಂದು ಗಳಿಗೆಯೂ ಮೀಸಲಾಗಿಲ್ಲ. ಒಂದೇ ಸೂರಿನಡಿ ಉಂಡು ಮಲಗಿ ಓದುತ್ತಿದ್ದ ಗುರುಕುಲಗಳಲ್ಲಿ ಅದನ್ನು ಪ್ರತ್ಯೇಕವಾಗಿ ಏರ್ಪಡಿಸುವ ಅಗತ್ಯವೇ ಇರಲಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ತರಗತಿಯಲ್ಲಿ ಬಿಗಿದುಕೊಂಡ ಗಂಟು ರಾತ್ರಿ ಪಂಕ್ತಿಯ ಊಟದ ತರುವಾಯ ದೀಪದ ಸುತ್ತ ಕುಳಿತಾಗ ಸಡಿಲವಾಗುತ್ತಿತ್ತು. ಈಗಿನ ಪದವಿ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳು ಬೆಳಗಿನ ಬಸ್ಸಿಗೆ ಬಂದು, ಐದಾರು ಪಿರಿಯಡ್‌ಗಳನ್ನು ಕೇಳಿ, ಸಂಜೆಯ ಬಸ್ಸಿಗೆ ಊರು ಸೇರುತ್ತಾರೆ. ಎಂಬತ್ತು ತೊಂಬತ್ತು ಮಂದಿ ತುಂಬಿದ ವಿಭಾಗದಲ್ಲಿ ವರ್ಷಗಳು ಕಳೆದರೂ ಹಿಂದಿನ ಬೆಂಚಿನವನ ಹೆಸರನ್ನು ಮುಂದಿನ ಬೆಂಚಿನವನು ಅರಿಯದೆ ಹೋಗುವುದು ಅಪರೂಪವೇನಲ್ಲ.

ಹೀಗಿರಲಾಗಿ, ಬಹುಮಂದಿ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಫೋನೂ ಅದರೊಳಗಿನ ಸಾಮಾಜಿಕ ಜಾಲತಾಣಗಳೂ ಕಳೆದುಹೋದ ಆ ಕಾಲುಭಾಗವನ್ನು ಮರಳಿ ತಂದುಕೊಡಬಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದು ವಿದ್ಯಾರ್ಥಿಗಳ ಬುದ್ಧಿಯನ್ನು ಕೆಡಿಸುವ ಮಾಯೆಯೆಂದು ಕೆಲವರು ಕೈತೊಳೆದುಕೊಳ್ಳುತ್ತಾರೆ. ಒಂದು ವಾಟ್ಸ್‌ಆಪ್ ಗುಂಪನ್ನು ತೆರೆದೊಡನೆ ತರಗತಿಯು ಒಂದಾಯಿತೆಂದು ಮತ್ತೆ ಕೆಲವರು ತೃಪ್ತರಾಗುತ್ತಾರೆ. ಈ ಎರಡು ನಿಲುವುಗಳನ್ನೂ ಬದಿಗಿಟ್ಟು, ವಿಷಯವನ್ನು ಅದರ ಮೂಲದಿಂದ ಪರಿಶೀಲಿಸುವುದು ಯುಕ್ತ.

ಗುಂಪು ಮತ್ತು ಬಳಗ

ಗುಂಪು ಬೇರೆ, ಬಳಗ ಬೇರೆ. ಬಸ್ ನಿಲ್ದಾಣದಲ್ಲಿ ಒಂದೇ ಬಸ್ಸಿಗಾಗಿ ಕಾಯುವವರು ಗುಂಪು; ಒಂದೇ ಗಾಡಿಯಲ್ಲಿ ಬುತ್ತಿ ಹಂಚಿಕೊಂಡು ಜಾತ್ರೆಗೆ ಹೊರಟವರು ಬಳಗ. ಮೊದಲನೆಯವರಲ್ಲಿ ಒಬ್ಬನು ಬಾರದಿದ್ದರೆ ಉಳಿದವರಿಗೆ ತಿಳಿಯುವುದೇ ಇಲ್ಲ. ಎರಡನೆಯವರಲ್ಲಿ ಒಬ್ಬನು ಬಾರದಿದ್ದರೆ ಗಾಡಿಯೇ ಹೊರಡುವುದಿಲ್ಲ.

ಈ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ವಿಂಗಡಿಸಿ ತೋರಿಸಿದವರು ಅಮೆರಿಕದ ಮನಃಶಾಸ್ತ್ರಜ್ಞರಾದ ಡೇವಿಡ್ ಮ್ಯಾಕ್‌ಮಿಲನ್ ಮತ್ತು ಡೇವಿಡ್ ಚಾವಿಸ್. 1986ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಸಮುದಾಯಭಾವಕ್ಕೆ ನಾಲ್ಕು ಅಂಗಗಳನ್ನು ಹೇಳಿದರು. ತಾನು ಇದರವನು ಎಂಬ ಸದಸ್ಯತ್ವದ ಭಾವನೆ ಮೊದಲನೆಯದು. ತನ್ನ ಮಾತಿಗೆ ಇಲ್ಲಿ ಬೆಲೆಯುಂಟು, ಇತರರ ಮಾತಿಗೆ ತನ್ನಲ್ಲಿ ಬೆಲೆಯುಂಟು ಎಂಬ ಪರಸ್ಪರ ಪ್ರಭಾವ ಎರಡನೆಯದು. ಒಬ್ಬರ ಅಗತ್ಯವು ಇನ್ನೊಬ್ಬರಿಂದ ಪೂರೈಸಲ್ಪಡುವುದು ಮೂರನೆಯದು. ಜೊತೆಯಾಗಿ ಅನುಭವಿಸಿದ ಸುಖದುಃಖಗಳಿಂದ ಬೆಳೆಯುವ ಭಾವಬಂಧ ನಾಲ್ಕನೆಯದು. ಈ ನಾಲ್ಕೂ ಕೂಡಿದಲ್ಲಿ ಬಳಗವುಂಟಾಗುತ್ತದೆ. ಮೊದಲನೆಯದೊಂದೇ ಇದ್ದರೆ ಕೇವಲ ಹೆಸರುಗಳ ಪಟ್ಟಿಯುಂಟಾಗುತ್ತದೆ.

ಇದು ಕೇವಲ ಸೌಹಾರ್ದದ ಮಾತಲ್ಲ. ವಿದ್ಯಾರ್ಥಿಯು ಕಾಲೇಜಿನಲ್ಲಿ ಉಳಿಯುವನೋ ಬಿಡುವನೋ ಎಂಬ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ವಿನ್ಸೆಂಟ್ ಟಿಂಟೋ ಎಂಬ ಅಮೆರಿಕದ ಶಿಕ್ಷಣಶಾಸ್ತ್ರಜ್ಞರು 1975ರಲ್ಲಿ ಮಂಡಿಸಿ, 1987ರ ಗ್ರಂಥದಲ್ಲಿ ವಿಸ್ತರಿಸಿದ ಸಿದ್ಧಾಂತವು ಈ ವಿಷಯದಲ್ಲಿ ಪ್ರಸಿದ್ಧವಾದುದು. ವಿದ್ಯಾರ್ಥಿಯು ಸಂಸ್ಥೆಯೊಡನೆ ಎರಡು ರೀತಿಯಲ್ಲಿ ಬೆರೆಯಬೇಕು, ಪಾಠಪ್ರವಚನಗಳಲ್ಲಿ ಒಂದು, ಸಹವಾಸದಲ್ಲಿ ಒಂದು. ಈ ಬೆಸುಗೆ ಸಡಿಲವಾದಂತೆ ಅವನು ನಡುವೆಯೇ ಓದು ಬಿಡುವ ಸಂಭವ ಹೆಚ್ಚುತ್ತದೆ ಎಂಬುದು ಅದರ ಸಾರ. ಬುದ್ಧಿವಂತನಾದ ಹುಡುಗನೂ ಮೊದಲ ವರ್ಷದಲ್ಲಿಯೇ ಕಾಲೇಜು ಬಿಟ್ಟು ಊರಿಗೆ ಮರಳಿದನೆಂದರೆ ಅದಕ್ಕೆ ಯಾವಾಗಲೂ ಪಠ್ಯದ ಕಾಠಿಣ್ಯವೇ ಕಾರಣವೆಂದು ಎಣಿಸಲಾಗದು. ಅಲ್ಲಿ ತನ್ನನ್ನು ಹೆಸರಿಡಿದು ಕರೆಯುವವರಾರೂ ಇಲ್ಲವೆಂಬ ಭಾವನೆಯೂ ಕಾರಣವಾಗಬಹುದು.

ತರಗತಿಯಲ್ಲಿ ಬಳಗದ ಭಾವ ಎಷ್ಟರಮಟ್ಟಿಗಿದೆಯೆಂದು ಅಳೆಯಲು ಆಲ್ಫ್ರೆಡ್ ರೋವೈ ಎಂಬವರು 2002ರಲ್ಲಿ ಒಂದು ಮಾಪಕವನ್ನು ಪ್ರಕಟಿಸಿದರು. ಅದರಲ್ಲಿ 20 ಹೇಳಿಕೆಗಳುಂಟು. 10 ಹೇಳಿಕೆಗಳು ವಿದ್ಯಾರ್ಥಿಗಳ ಪರಸ್ಪರ ಬಾಂಧವ್ಯವನ್ನೂ ಉಳಿದ 10 ಹೇಳಿಕೆಗಳು ಕಲಿಕೆಯನ್ನೂ ಕುರಿತವು. ಬಾಂಧವ್ಯ ಮತ್ತು ಕಲಿಕೆಗಳನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮನಾಗಿ ಇರಿಸಿದುದು ಗಮನಾರ್ಹ. ಹರಟೆಯಿಂದ ಬಾಂಧವ್ಯ ಬೆಳೆದು ಕಲಿಕೆ ಸೊರಗಿದರೂ, ಕಲಿಕೆ ನಡೆದು ಬಾಂಧವ್ಯ ಸೊರಗಿದರೂ ತರಗತಿಯ ಬಳಗವು ಪೂರ್ಣವಾಗದು.

ಜಾಲತಾಣದ ಜನ್ಮಸ್ಥಾನ

ಸಾಮಾಜಿಕ ಜಾಲತಾಣವು ಕಾಲೇಜಿಗೆ ಹೊರಗಿನಿಂದ ನುಗ್ಗಿಬಂದ ವಸ್ತುವೆಂಬ ಭಾವನೆ ಅಧ್ಯಾಪಕರಲ್ಲಿ ಸಾಮಾನ್ಯವಾಗಿದೆ. ಫೇಸ್‌ಬುಕ್‌ನ ಮಟ್ಟಿಗಾದರೂ ವಾಸ್ತವವು ಇದಕ್ಕೆ ತದ್ವಿರುದ್ಧವಾಗಿದೆ. ಅಮೆರಿಕದ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಗುರುತಿಸಲೆಂದು ಅವರ ಭಾವಚಿತ್ರ ಮತ್ತು ಹೆಸರುಗಳನ್ನು ಮುದ್ರಿಸಿದ ಪುಸ್ತಿಕೆಯನ್ನು ಹಂಚುವ ರೂಢಿಯಿತ್ತು. ಆ ಪುಸ್ತಿಕೆಗೆ ಫೇಸ್‌ಬುಕ್ ಎಂದೇ ಹೆಸರು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಮಾರ್ಕ್ ಝುಕರ್‌ಬರ್ಗ್ 2004ರ ಫೆಬ್ರವರಿ 4ರಂದು ಅದೇ ಹೆಸರಿನ ತಾಣವನ್ನು ತೆರೆದಾಗ, ಹಾರ್ವರ್ಡಿನ ಇ-ಮೇಲ್ ವಿಳಾಸವುಳ್ಳವರಿಗೆ ಮಾತ್ರ ಅದರೊಳಗೆ ಪ್ರವೇಶವಿತ್ತು. ಬಳಿಕ ಕೊಲಂಬಿಯಾ, ಸ್ಟ್ಯಾನ್‌ಫರ್ಡ್, ಯೇಲ್ ವಿಶ್ವವಿದ್ಯಾಲಯಗಳಿಗೂ, ಅನಂತರ ಇತರ ಕಾಲೇಜುಗಳಿಗೂ ಅದು ಹಬ್ಬಿತು. 2006ರ ಸೆಪ್ಟೆಂಬರಿನಲ್ಲಿ 13 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದೆಂದಾಗ ಕಾಲೇಜಿನ ಅಂಗಳವು ಲೋಕದ ಸಂತೆಯಾಯಿತು.

ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ಆ ತಾಣವು ಕಾಲೇಜಿನೊಳಗಿದ್ದಷ್ಟು ಕಾಲ ಅದರಲ್ಲಿ ಕಾಣುತ್ತಿದ್ದ ಮುಖಗಳು ಮರುದಿನ ಓಣಿಯಲ್ಲಿ ಎದುರಾಗುವ ಮುಖಗಳಾಗಿದ್ದವು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ನಿಕೋಲ್ ಎಲಿಸನ್, ಚಾರ್ಲ್ಸ್ ಸ್ಟೈನ್‌ಫೀಲ್ಡ್ ಮತ್ತು ಕ್ಲಿಫ್ ಲ್ಯಾಂಪ್ ಎಂಬವರು 286 ಪದವಿ ವಿದ್ಯಾರ್ಥಿಗಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸಮರ್ಥಿಸುತ್ತದೆ. ವಿದ್ಯಾರ್ಥಿಗಳು ಫೇಸ್‌ಬುಕ್ಕನ್ನು ಅಪರಿಚಿತರನ್ನು ಹುಡುಕುವುದಕ್ಕಿಂತಲೂ ಹೆಚ್ಚಾಗಿ ಮೊದಲೇ ಕಂಡು ಬಲ್ಲವರೊಡನೆ ಸಂಬಂಧವನ್ನು ಉಳಿಸಿಕೊಳ್ಳಲು ಬಳಸುತ್ತಿದ್ದರು. ಆತ್ಮವಿಶ್ವಾಸ ಕಡಿಮೆಯಿದ್ದ ವಿದ್ಯಾರ್ಥಿಗಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗುವಂತೆ ತೋರಿತು. ಎದುರಿಗೆ ಕಂಡ ಪರಿಚಯದ ಎಳೆಗೆ ಜಾಲತಾಣವು ಹುರಿಯನ್ನು ಕೊಡಬಲ್ಲದು; ಎಳೆಯೇ ಇಲ್ಲದಲ್ಲಿ ಹುರಿಗೆ ಆಸ್ಪದವೆಲ್ಲಿ?

ಪ್ರಯೋಗಗಳು ತಿಳಿಸುವ ಸತ್ಯ

ಅಧ್ಯಾಪಕರೇ ಜಾಲತಾಣವನ್ನು ತರಗತಿಯ ಉಪಕರಣವಾಗಿ ಮಾಡಿಕೊಂಡರೆ ಫಲವೇನೆಂಬುದನ್ನು ಪರೀಕ್ಷಿಸಿದವರಲ್ಲಿ ರೇನಾಲ್ ಜುಂಕೋ ಪ್ರಮುಖರು. ಇವರೂ ಇವರ ಸಹೋದ್ಯೋಗಿಗಳೂ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಥಮ ವರ್ಷದ 125 ವಿದ್ಯಾರ್ಥಿಗಳಿದ್ದರು. ಅವರಲ್ಲಿ 70 ಮಂದಿಯ ವಿಭಾಗಗಳಲ್ಲಿ ಟ್ವಿಟರ್ ಬಳಕೆಯಾಯಿತು. 55 ಮಂದಿಯ ವಿಭಾಗಗಳಲ್ಲಿ ಅದು ಬಳಕೆಯಾಗಲಿಲ್ಲ. 2023ರಿಂದ ಎಕ್ಸ್ ಎಂಬ ಹೆಸರನ್ನು ಪಡೆದಿರುವ ತಾಣವೇ ಈ ಟ್ವಿಟರ್. ತರಗತಿಯ ಚರ್ಚೆಯನ್ನು ಮುಂದುವರಿಸುವುದು, ಎಲ್ಲರೂ ಓದುತ್ತಿದ್ದ ಒಂದು ಗ್ರಂಥವನ್ನು ಕುರಿತು ಅಭಿಪ್ರಾಯ ಹಂಚಿಕೊಳ್ಳುವುದು, ಓದಿನ ತಂಡಗಳನ್ನು ಕಟ್ಟಿಕೊಳ್ಳುವುದು, ಸೇವಾಕಾರ್ಯಗಳನ್ನು ಏರ್ಪಡಿಸುವುದು ಮುಂತಾದ ನಿರ್ದಿಷ್ಟ ಕೆಲಸಗಳಿಗೆ ಅದನ್ನು ಬಳಸಲಾಯಿತು. ಅಧ್ಯಾಪಕರೂ ಅದರಲ್ಲಿ ಚುರುಕಾಗಿ ಭಾಗವಹಿಸಿದರು. ಅವಧಿಯ ಕೊನೆಯಲ್ಲಿ ಮೊದಲ ಪಂಗಡದ ವಿದ್ಯಾರ್ಥಿಗಳು ವಿದ್ಯಾಭ್ಯಾಸದಲ್ಲಿ ಹೆಚ್ಚು ತೊಡಗಿಕೊಂಡಿದ್ದುದೂ ಹೆಚ್ಚಿನ ಅಂಕಗಳನ್ನು ಪಡೆದುದೂ ಕಂಡುಬಂದಿತು.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲ ಶ್ರೇಯಸ್ಸೂ ಯಂತ್ರದ ಪಾಲಾಗುತ್ತಿತ್ತು. ಆದರೆ 2013ರಲ್ಲಿ ಅದೇ ಜುಂಕೋ ಅವರು ಇತರರೊಡನೆ ಇನ್ನೊಂದು ಅಧ್ಯಯನವನ್ನು ಪ್ರಕಟಿಸಿ, ಎರಡು ಬಗೆಯ ಬಳಕೆಯನ್ನು ಹೋಲಿಸಿದರು. ಒಂದರಲ್ಲಿ ಟ್ವಿಟರ್ ಪಾಠಕ್ರಮದ ಅಂಗವಾಗಿದ್ದು, ಅಧ್ಯಾಪಕರೂ ಅದರಲ್ಲಿ ತೊಡಗಿದ್ದರು. ಇನ್ನೊಂದರಲ್ಲಿ ಅದು ಇಷ್ಟಬಂದರೆ ಬಳಸುವಂತಹದಾಗಿದ್ದು, ಅಧ್ಯಾಪಕರು ಹೊರಗುಳಿದಿದ್ದರು. ಎರಡನೆಯ ಬಗೆಯಿಂದ ವಿದ್ಯಾರ್ಥಿಗಳಿಗೆ ಅಂತಹ ಪ್ರಯೋಜನವೇನೂ ಸಿದ್ಧಿಸಲಿಲ್ಲ. ಉಪಕರಣ ಒಂದೇ, ಫಲ ಮಾತ್ರ ಬೇರೆ. ಈ ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಿದವರಿಗೆ ನಿರ್ಣಯವು ಸುಲಭ. ಜಾಲತಾಣವು ನೀರು ಹರಿಯುವ ಕಾಲುವೆ ಮಾತ್ರ. ಯಾವ ಮಡಿಗೆ ಎಷ್ಟು ನೀರು ಯಾವಾಗ ಹರಿಯಬೇಕೆಂದು ಗುದ್ದಲಿ ಹಿಡಿದು ತಿರುಗಿಸುವವನು ಅಧ್ಯಾಪಕನೇ.

ವಾಟ್ಸ್‌ಆಪ್ ಕುರಿತು ಇಸ್ರೇಲಿನ ಡ್ಯಾನ್ ಬೌನಿಕ್ ಮತ್ತು ಮೋರ್ ದೇಶೆನ್ ಎಂಬವರು 12 ಮಂದಿ ಪ್ರೌಢಶಾಲಾ ಶಿಕ್ಷಕರನ್ನು ಸಂದರ್ಶಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಕಾಲೇಜು ಅಧ್ಯಾಪಕರಿಗೂ ಉಪಯುಕ್ತವಾದುದು. ಸೂಚನೆಗಳನ್ನು ತಲುಪಿಸಲು, ಸೌಹಾರ್ದವನ್ನು ಬೆಳೆಸಲು, ವಿದ್ಯಾರ್ಥಿಗಳಲ್ಲಿ ಸಂವಾದವನ್ನು ಹುಟ್ಟಿಸಲು, ಪಾಠವನ್ನು ಮುಂದುವರಿಸಲು ಆ ಶಿಕ್ಷಕರು ಗುಂಪುಗಳನ್ನು ಬಳಸುತ್ತಿದ್ದರು. ವಿದ್ಯಾರ್ಥಿಗಳು ಪರಸ್ಪರ ನೆರವಾಗತೊಡಗಿದ್ದನ್ನು ಮೆಚ್ಚುತ್ತಲೇ, ಸಂದೇಶಗಳ ಮಹಾಪೂರವನ್ನೂ, ಶಿಕ್ಷಕರು ಎಲ್ಲ ಹೊತ್ತಿನಲ್ಲಿಯೂ ಉತ್ತರಿಸಲು ಸಿದ್ಧರಿರಬೇಕೆಂಬ ನಿರೀಕ್ಷೆಯನ್ನೂ, ಸ್ಮಾರ್ಟ್‌ಫೋನ್ ಇಲ್ಲದ ವಿದ್ಯಾರ್ಥಿಗಳ ತೊಡಕನ್ನೂ ಅವರು ಹೇಳಿಕೊಂಡರು.

ಕನ್ನಡ ನಾಡಿನ ಕಾಲೇಜುಗಳಲ್ಲಿ

2009ರಲ್ಲಿ ಆರಂಭವಾದ ವಾಟ್ಸ್‌ಆಪ್‌ಗೆ 2019ರ ವೇಳೆಗೆ ಭಾರತದಲ್ಲಿ 40 ಕೋಟಿ ಬಳಕೆದಾರರಿದ್ದರು. ಕರ್ನಾಟಕದ ಕಾಲೇಜುಗಳಲ್ಲಿಯೂ ತರಗತಿಯ ಗುಂಪೆಂದರೆ ಬಹುಮಟ್ಟಿಗೆ ವಾಟ್ಸ್‌ಆಪ್ ಗುಂಪೆಂದೇ ಅರ್ಥವಾಗಿದೆ. ಕೊರೋನಾ ಸಾಂಕ್ರಾಮಿಕದ ನಿಮಿತ್ತ 2020ರ ಮಾರ್ಚ್ ತಿಂಗಳಲ್ಲಿ ಕಾಲೇಜುಗಳು ಮುಚ್ಚಿದಾಗ ಈ ಗುಂಪುಗಳೇ ತರಗತಿಗಳಾದವು. ಮಲೆನಾಡಿನ ಮತ್ತು ಕರಾವಳಿಯ ಒಳನಾಡಿನ ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ನೆಟ್‌ವರ್ಕ್ ಸಿಗುವ ಗುಡ್ಡದ ನೆತ್ತಿಯನ್ನು ಅರಸಿಹೋಗಿ, ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಕುಳಿತು ಪಾಠ ಕೇಳಿದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಆ ದಿನಗಳು ಕಳೆದುಹೋದ ಮೇಲೂ ಗುಂಪುಗಳು ಉಳಿದುಕೊಂಡಿವೆ. ಆದರೆ ಅವುಗಳಲ್ಲಿ ಎಷ್ಟೋ ಗುಂಪುಗಳು ಶುಲ್ಕದ ಕಡೆಯ ದಿನಾಂಕ, ಪರೀಕ್ಷೆಯ ವೇಳಾಪಟ್ಟಿ, ರಜೆಯ ಪ್ರಕಟಣೆಗಳಿಗೆ ಸೀಮಿತವಾಗಿ ಸೂಚನಾಫಲಕಗಳಾಗಿಯೇ ನಿಂತಿವೆ. ಅಧ್ಯಾಪಕರದು ಪ್ರಕಟಣೆ, ವಿದ್ಯಾರ್ಥಿಗಳದು ಕೈಮುಗಿದ ಚಿತ್ರ. ಇಂತಹ ಗುಂಪಿನಲ್ಲಿ ಸಹಪಾಠಿಯಿಂದ ಸಹಪಾಠಿಗೆ ಏನೂ ಹರಿಯುವುದಿಲ್ಲ.

ಕನ್ನಡ ನಾಡಿನ ಸ್ಥಿತಿಗೆ ವಿಶಿಷ್ಟವಾದ ಇನ್ನೊಂದು ತೊಡಕುಂಟು. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಗ್ರಾಮಾಂತರದ ವಿದ್ಯಾರ್ಥಿಯು ವಿಜ್ಞಾನ ಅಥವಾ ವಾಣಿಜ್ಯದ ಕಾಲೇಜನ್ನು ಪ್ರವೇಶಿಸಿದೊಡನೆ ಇಂಗ್ಲಿಷ್ ಉಪನ್ಯಾಸದ ಎದುರು ಮೂಕನಾಗುತ್ತಾನೆ. ತಪ್ಪಾಡಿದರೆ ನಕ್ಕಾರೆಂಬ ಭಯ ಅವನ ನಾಲಗೆಯನ್ನು ಕಟ್ಟಿಹಾಕುತ್ತದೆ. ತರಗತಿಯಲ್ಲಿ ಮಾತನಾಡದ ವಿದ್ಯಾರ್ಥಿಯನ್ನು ದಡ್ಡನೆಂದೂ ಅಹಂಕಾರಿಯೆಂದೂ ಎಣಿಸುವವರುಂಟು. ವಾಸ್ತವವಾಗಿ ಅವನಿಗೆ ಬೇಕಾಗಿರುವುದು ಆಲೋಚಿಸಲು ಒಂದಿಷ್ಟು ಬಿಡುವು ಮತ್ತು ಆಡಲು ತನ್ನದೇ ಭಾಷೆ. ಇವೆರಡನ್ನೂ ಜಾಲತಾಣವು ಕೊಡಬಲ್ಲದು. ಮೊಬೈಲಿನಲ್ಲಿ ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. 2013ರಿಂದ ವಾಟ್ಸ್‌ಆಪ್‌ನಲ್ಲಿರುವ ಧ್ವನಿಸಂದೇಶದ ಸೌಕರ್ಯದಿಂದ, ಟೈಪ್ ಮಾಡಲು ಬಾರದವನೂ ತನ್ನ ಊರಿನ ಮಾತಿನಲ್ಲಿಯೇ ಪ್ರಶ್ನೆ ಕೇಳಬಹುದು. ಈ ಮೌನಿಯು ಬಾಯ್ದೆರೆದನೇ ಇಲ್ಲವೇ ಎಂಬುದೇ ತರಗತಿಯ ಗುಂಪಿಗೆ ನಿಜವಾದ ಒರೆಗಲ್ಲು.

ಅಧ್ಯಾಪಕರು ಕೈಕೊಳ್ಳಬಹುದಾದ ಕ್ರಮ

ಮೇಲಿನ ವಿವೇಚನೆಯಿಂದ ಫಲಿಸುವ ಆಚರಣೆಯ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ಆರಂಭವು ಕೊಠಡಿಯಲ್ಲಿಯೇ ಆಗತಕ್ಕದ್ದು. ಮೊದಲ ವಾರದಲ್ಲಿ ವಿದ್ಯಾರ್ಥಿಗಳು ಮುಖಾಮುಖಿಯಾಗಿ ಪರಿಚಯ ಮಾಡಿಕೊಂಡ ಬಳಿಕವೇ ಗುಂಪನ್ನು ತೆರೆಯುವುದು ಲೇಸು. ಗುಂಪಿನ ನಿಯಮಗಳನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಿ ಬರೆಸಿದರೆ, ತಮ್ಮ ಮಾತಿಗೆ ಬೆಲೆಯುಂಟೆಂಬ ಅರಿವು ಅಂದೇ ಮೊಳೆಯುತ್ತದೆ.

ಎರಡನೆಯದಾಗಿ, ಪ್ರಕಟಣೆಯನ್ನೂ ಸಂವಾದವನ್ನೂ ಬೇರ್ಪಡಿಸಬೇಕು. ಅಡ್ಮಿನ್ ಆದವರು ಮಾತ್ರ ಬರೆಯುವಂತಹ ವ್ಯವಸ್ಥೆ ವಾಟ್ಸ್‌ಆಪ್‌ನಲ್ಲಿ 2018ರಿಂದ ಇದೆ. ಸೂಚನೆಗಳಿಗೆ ಅಂತಹದೊಂದನ್ನು ಮೀಸಲಿಟ್ಟರೆ ಸಂವಾದದ ಗುಂಪು ಉಸಿರಾಡುತ್ತದೆ.

ಮೂರನೆಯದಾಗಿ, ಸಂವಾದದ ಗುಂಪುಗಳು ಕಿರಿದಾಗಿರಬೇಕು. ತೊಂಬತ್ತು ಮಂದಿಯ ಎದುರು ಮಾತನಾಡಲು ಅಂಜುವವನು ಐದಾರು ಮಂದಿಯ ನಡುವೆ ಅಂಜುವುದಿಲ್ಲ. ಪಟ್ಟಣದವರು ಮತ್ತು ಹಳ್ಳಿಯವರು, ಕನ್ನಡ ಮಾಧ್ಯಮದವರು ಮತ್ತು ಇಂಗ್ಲಿಷ್ ಮಾಧ್ಯಮದವರು ಒಂದೇ ತಂಡದಲ್ಲಿ ಬೆರೆಯುವಂತೆ ಅಧ್ಯಾಪಕರೇ ಹಂಚಿಕೆ ಮಾಡಬೇಕು. ವಾರಕ್ಕೊಬ್ಬನು ಪ್ರಶ್ನೆಯನ್ನು ಹಾಕತಕ್ಕದ್ದು, ಇನ್ನೊಬ್ಬನು ಉತ್ತರಿಸತಕ್ಕದ್ದು, ಮತ್ತೊಬ್ಬನು ಎಲ್ಲವನ್ನೂ ಸಂಗ್ರಹಿಸಿ ತರಗತಿಯಲ್ಲಿ ಒಪ್ಪಿಸತಕ್ಕದ್ದು. ಈ ಹೊಣೆಗಳು ಸರದಿಯಂತೆ ತಿರುಗಬೇಕು. ಆಗ ಎಲ್ಲರೂ ಕೊಡುವವರೂ ಆಗುತ್ತಾರೆ, ಪಡೆಯುವವರೂ ಆಗುತ್ತಾರೆ.

ಕನ್ನಡ ತರಗತಿಯಿಂದಲೇ ಎರಡು ನಿದರ್ಶನಗಳನ್ನು ಕೊಡಬಹುದು. ಖ್ಯಾತಕರ್ನಾಟಕ ವೃತ್ತಗಳನ್ನು ಗುರುತಿಸುವ ಅಭ್ಯಾಸದಲ್ಲಿ ಉತ್ಪಲಮಾಲೆಗೂ ಮತ್ತೇಭವಿಕ್ರೀಡಿತಕ್ಕೂ ವಿದ್ಯಾರ್ಥಿಗಳು ತಡವರಿಸುವ ಸಂಭವವುಂಟು; ಎರಡಕ್ಕೂ ಪಾದವೊಂದಕ್ಕೆ 20 ಅಕ್ಷರಗಳೇ ಇರುವುದು ಅದಕ್ಕೆ ಕಾರಣ. ಒಂದು ತಂಡದವರು ಕಾಗದದ ಮೇಲೆ ಪ್ರಸ್ತಾರ ಹಾಕಿ, ಅದರ ಚಿತ್ರವನ್ನು ತೆಗೆದು ಇನ್ನೊಂದು ತಂಡಕ್ಕೆ ಕಳುಹಿಸಲಿ. ಅಕ್ಷರಗಳನ್ನು ಎಣಿಸಿ ಉತ್ಪಲಮಾಲೆಯೆಂದು ಬರೆದವನಿಗೆ, ಮೊದಲನೆಯ ಅಕ್ಷರ ಗುರುವೋ ಲಘುವೋ ನೋಡು ಎಂದು ಗೆಳೆಯನೊಬ್ಬನು ನೆನಪಿಸಿದರೆ ಸಾಕು. ಗುರುವಿನಿಂದ ಮೊದಲಾಗುವ ಭಗಣವಿದ್ದರೆ ಉತ್ಪಲಮಾಲೆ, ಲಘುವಿನಿಂದ ಮೊದಲಾಗುವ ಸಗಣವಿದ್ದರೆ ಮತ್ತೇಭವಿಕ್ರೀಡಿತವೆಂಬ ಭೇದವು ಮತ್ತೆ ಮರೆಯುವುದಿಲ್ಲ. ಉಪನ್ಯಾಸದಲ್ಲಿ ಹತ್ತು ಸಲ ಕೇಳಿದುದಕ್ಕಿಂತ ಗೆಳೆಯನು ಒಂದು ಸಲ ತಿದ್ದಿದುದು ಗಟ್ಟಿಯಾಗಿ ನಿಲ್ಲುತ್ತದೆ.

ಎರಡನೆಯ ನಿದರ್ಶನವು ಪದಸಂಗ್ರಹದ್ದು. ನೇಗಿಲಿನ ಅಂಗಗಳಿಗೆ ಅವರವರ ಊರಿನಲ್ಲಿರುವ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ, ಅವರ ಧ್ವನಿಯಲ್ಲಿಯೇ ಗುಂಪಿಗೆ ಕಳುಹಿಸಬೇಕೆಂದು ಹೇಳಿದರೆ ಏನಾಗುತ್ತದೆ? ಮೇಳಿ, ಈಸು, ನೊಗ, ಕುಳ ಎಂಬ ಶಬ್ದಗಳನ್ನು ಪುಸ್ತಕದಲ್ಲಿ ಮಾತ್ರ ಕಂಡ ಪಟ್ಟಣದ ವಿದ್ಯಾರ್ಥಿಯು ಅಂದು ಕೇಳುವವನಾಗುತ್ತಾನೆ. ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಮೌನವಾಗಿದ್ದ ಒಕ್ಕಲು ಮನೆತನದ ವಿದ್ಯಾರ್ಥಿನಿಯು ಹೇಳುವವಳಾಗುತ್ತಾಳೆ. ಆಕೆಯ ಅಜ್ಜಿಯ ಧ್ವನಿಯು ತರಗತಿಯ ಪಾಠವಾಗುತ್ತದೆ. ತನ್ನಲ್ಲಿಯೂ ಕೊಡತಕ್ಕದ್ದೊಂದುಂಟೆಂದು ತಿಳಿದ ವಿದ್ಯಾರ್ಥಿಯು ಆ ತರಗತಿಯನ್ನು ಪರಕೀಯವೆಂದು ಎಣಿಸುವುದಿಲ್ಲ.

ನಾಲ್ಕನೆಯದಾಗಿ, ಅಧ್ಯಾಪಕರು ಉತ್ತರ ಕೊಡುವುದರಲ್ಲಿ ಸಂಯಮವನ್ನು ಪಾಲಿಸಬೇಕು. ಪ್ರಶ್ನೆ ಬಂದೊಡನೆ ತಾವೇ ಉತ್ತರಿಸಿದರೆ ಸಹಪಾಠಿಯ ಪಾಲನ್ನು ಕಸಿದುಕೊಂಡಂತಾಗುತ್ತದೆ. ಒಂದು ದಿನ ಕಾದು, ಸಹಪಾಠಿಗಳಿಂದ ಉತ್ತರ ಬಂದ ಮೇಲೆ ತಿದ್ದಬೇಕಾದುದನ್ನು ತಿದ್ದಿ, ಉತ್ತರಿಸಿದವನ ಹೆಸರಿಡಿದು ಮೆಚ್ಚಬೇಕು. ಕ್ಷಣಮಾತ್ರದಲ್ಲಿ ಉತ್ತರವನ್ನು ಬಯಸುವ ಈ ಮಾಧ್ಯಮದಲ್ಲಿ ಕಾಲಪಾದಕ್ಕೂ ಒಂದಿಷ್ಟು ಜಾಗ ಬಿಟ್ಟುಕೊಡುವುದು ಹೀಗೆ.

ಐದನೆಯದಾಗಿ, ಗುಂಪಿನಲ್ಲಿ ನಡೆದುದು ಕೊಠಡಿಗೆ ಮರಳಬೇಕು. ವಾರದ ಮೊದಲ ತರಗತಿಯ ಹತ್ತು ನಿಮಿಷಗಳನ್ನು ತಂಡಗಳ ವರದಿಗೆ ಬಿಟ್ಟುಕೊಟ್ಟರೆ ಪರದೆಯ ಮೇಲಿನ ಪರಿಚಯವು ಬೆಂಚಿನ ಪರಿಚಯವಾಗುತ್ತದೆ. ಅವಧಿಯ ಕೊನೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ ನೋಡಬಹುದು: ಎಷ್ಟು ಸಹಪಾಠಿಗಳ ಹೆಸರನ್ನು ಬಲ್ಲೆ? ಯಾರಿಂದ ಏನನ್ನು ಕಲಿತೆ? ಯಾರಿಗೆ ಏನನ್ನು ಕಲಿಸಿದೆ? ಉತ್ತರ ಬರೆಯಲಾರದ ವಿದ್ಯಾರ್ಥಿಗಳ ಪಟ್ಟಿಯೇ ಮುಂದಿನ ಅವಧಿಗೆ ಅಧ್ಯಾಪಕರ ಕೈಪಿಡಿ.

ಎಚ್ಚರಿಕೆಯ ಮಾತುಗಳು

ಕತ್ತರಿಯು ದರ್ಜಿಯ ಕೈಯಲ್ಲಿ ಅಂಗಿಯನ್ನು ಕೊಡುತ್ತದೆ, ಮಗುವಿನ ಕೈಯಲ್ಲಿ ಗಾಯವನ್ನು ಕೊಡುತ್ತದೆ. ಈ ಉಪಕರಣದ ಅಪಾಯಗಳನ್ನೂ ಇಲ್ಲಿ ವಿಚಾರಿಸದಿದ್ದರೆ ವಿವೇಚನೆಯು ಏಕಪಕ್ಷೀಯವಾದೀತು.

ವಾಟ್ಸ್‌ಆಪ್ ಗುಂಪಿಗೆ ಸೇರಿದ ವಿದ್ಯಾರ್ಥಿನಿಯ ಮೊಬೈಲ್ ಸಂಖ್ಯೆಯು ಇತರ ಸದಸ್ಯರ ಕಣ್ಣಿಗೆ ಬೀಳುತ್ತದೆ. ಅದು ಅನುಚಿತ ಸಂದೇಶಗಳಿಗೂ ಅವೇಳೆಯ ಕರೆಗಳಿಗೂ ದಾರಿಮಾಡಬಹುದು. ಅಂತಹ ಭಯದಿಂದ ಹೆತ್ತವರು ಆಕೆಯ ಫೋನನ್ನೇ ಕಸಿದುಕೊಂಡರೆ, ಬೆಸೆಯಬೇಕಾದ ಸಾಧನವೇ ಆಕೆಯನ್ನು ಬಳಗದಿಂದ ಹೊರಹಾಕಿದಂತಾಗುತ್ತದೆ. ಆದಕಾರಣ ಗುಂಪಿಗೆ ಸೇರಿಸುವ ಮುನ್ನ ಪ್ರತಿಯೊಬ್ಬರ ಒಪ್ಪಿಗೆಯನ್ನು ಪಡೆಯಬೇಕು; ಒಪ್ಪದವರಿಗೆ ದೂರವಾಣಿ ಸಂಖ್ಯೆ ಬೇಡದ ಗೂಗಲ್ ಕ್ಲಾಸ್‌ರೂಮ್‌ನಂತಹ ಬೇರೊಂದು ದಾರಿಯನ್ನು ತೋರಿಸಬೇಕು. ದೂರು ಹೇಳಿಕೊಳ್ಳಲು ಒಬ್ಬ ಅಧ್ಯಾಪಕಿಯನ್ನು ಮೊದಲೇ ಗೊತ್ತುಪಡಿಸಬೇಕು. ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು ಬಹುಪಾಲು 18 ವರ್ಷ ತುಂಬದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಇವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಹೆತ್ತವರ ಒಪ್ಪಿಗೆ ಬೇಕೆಂದು ವಿಧಿಸಿದೆ. ಆ ವಿಧಿಯ ಹಿಂದಿನ ವಿವೇಕವನ್ನು ಅಧ್ಯಾಪಕರೂ ಮನಗಾಣಬೇಕು.

ಅಂಕಗಳನ್ನೂ ಹಾಜರಿಯ ಕೊರತೆಯನ್ನೂ ಶುಲ್ಕದ ಬಾಕಿಯನ್ನೂ ಹೆಸರುಸಹಿತ ಗುಂಪಿನಲ್ಲಿ ಹಾಕುವುದು ಸರ್ವಥಾ ಕೂಡದು. ಕೊಠಡಿಯಲ್ಲಿ ಆಡಿದ ಕಟುವಾದ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಗುಂಪಿನಲ್ಲಿ ಬರೆದ ಅವಮಾನವು ಎಲ್ಲರ ಫೋನಿನಲ್ಲಿಯೂ ಉಳಿಯುತ್ತದೆ. ಬಡತನವನ್ನು ಮರೆಮಾಚಿಕೊಂಡು ಓದುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ.

ವಿದ್ಯಾರ್ಥಿಗಳು ತಾವೇ ಕಟ್ಟಿಕೊಂಡ ಗುಂಪುಗಳೊಳಗೆ ಅಧ್ಯಾಪಕರು ಇಣುಕುವುದೂ ಉಚಿತವಲ್ಲ. ಬ್ರಿಟನ್ನಿನ ನೀಲ್ ಸೆಲ್ವಿನ್ ಅವರು 909 ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿನ ಅನುಭವಗಳ ಮೆಲುಕು, ಪಾಠದ ಮಾಹಿತಿಯ ವಿನಿಮಯ, ಗೊಣಗಾಟ, ಹಾಸ್ಯ ಇವೆಲ್ಲವೂ ಅಲ್ಲಿ ಬೆರೆತಿದ್ದುವು. ದೊಡ್ಡವರ ಕಿವಿಗೆ ಬೀಳದಂತೆ ಗೊಣಗಿಕೊಳ್ಳಲು ಒಂದು ಜಗಲಿ ಎಲ್ಲ ಕಾಲದ ವಿದ್ಯಾರ್ಥಿಗಳಿಗೂ ಬೇಕಾದುದೇ. ಆದರೆ ಆ ಜಗಲಿಯು ಕಿರಿಯರನ್ನು ಪೀಡಿಸುವ ತಾಣವಾಗಕೂಡದು. ಹಿರಿಯ ವಿದ್ಯಾರ್ಥಿಗಳು ವಾಟ್ಸ್‌ಆಪ್ ಗುಂಪುಗಳ ಮೂಲಕ ಕಿರಿಯರನ್ನು ಹಿಂಸಿಸಿದರೆ ಅದನ್ನೂ ರ್‍ಯಾಗಿಂಗ್ ಎಂದೇ ಪರಿಗಣಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರಲ್ಲಿ ಸೂಚಿಸಿದುದನ್ನು ಎಲ್ಲರೂ ತಿಳಿದಿರಬೇಕು.

ಕಡೆಯದಾಗಿ, ಫೋನಿಲ್ಲದವನ ವಿಚಾರ. ಮನೆಗೆಲ್ಲ ಒಂದೇ ಫೋನಿದ್ದು ಅದು ತಂದೆಯ ಜೇಬಿನಲ್ಲಿರುವ ಸಂಸಾರಗಳಿವೆ. ಆದ್ದರಿಂದ ಗುಂಪಿನಲ್ಲಿ ಬಂದ ಪ್ರತಿ ಮುಖ್ಯ ವಿಷಯವೂ ಕಾಲೇಜಿನ ಗೋಡೆಯ ಫಲಕದ ಮೇಲೆಯೂ ಕಾಣಬೇಕು. ಗುಂಪಿನ ಚಟುವಟಿಕೆಗೆ ಅಂಕಗಳನ್ನು ಗಂಟುಹಾಕಬಾರದು. ಫೋನಿಲ್ಲದವನ ತಂಡದಲ್ಲಿ ಅವನೂರಿನ ಬಸ್ಸಿಗೇ ಬರುವ ಗೆಳೆಯನೊಬ್ಬನಿರುವಂತೆ ನೋಡಿಕೊಳ್ಳಬೇಕು. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಗುಂಪು ಮೌನವಾಗಿದ್ದರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಓದಿಗೆ, ನಿದ್ರೆಗೆ, ಮನೆಯವರೊಡನೆ ಮಾತಿಗೆ ಅವಕಾಶವುಳಿಯುತ್ತದೆ.

ಉಪಸಂಹಾರ

ಇಂತು ಪರಿಶೀಲಿಸಿದಾಗ, ಸಾಮಾಜಿಕ ಜಾಲತಾಣವು ತಾನಾಗಿ ಬಳಗವನ್ನು ಕಟ್ಟದೆಂಬುದೂ, ಬಳಗವನ್ನು ಕಟ್ಟಬಯಸುವ ಅಧ್ಯಾಪಕನಿಗೆ ಅದು ಒಳ್ಳೆಯ ಸಲಕರಣೆಯಾಗಬಲ್ಲದೆಂಬುದೂ ಸ್ಪಷ್ಟವಾಗುತ್ತದೆ. ಸೂಚನೆಯನ್ನು ಕಳುಹಿಸುವುದು ಕ್ಷಣದ ಕೆಲಸ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಯು ಇನ್ನೊಬ್ಬ ವಿದ್ಯಾರ್ಥಿಯ ಉತ್ತರವನ್ನು ಸೇರುವಂತೆ ಮಾಡುವುದು ವರ್ಷದ ಕೆಲಸ.

ಈ ಕೆಲಸದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಪಾಲುಂಟು. ಬೆಂಗಳೂರು, ಮುಂಬಯಿ ಅಥವಾ ಹೊರದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಯೊಬ್ಬನು ವಾರಕ್ಕೊಮ್ಮೆ ಒಂದು ಪ್ರಶ್ನೆಗೆ, ಅದೂ ಕನ್ನಡದಲ್ಲಿ, ತನ್ನ ಧ್ವನಿಯಲ್ಲಿ ಉತ್ತರಿಸಿದರೆ, ತನ್ನಂತೆಯೇ ಹಳ್ಳಿಯಿಂದ ಬಂದವನೊಬ್ಬನು ಮುಂದೆ ನಡೆದಿದ್ದಾನೆಂಬ ಧೈರ್ಯವು ಕೇಳುವವನಲ್ಲಿ ಮೂಡುತ್ತದೆ. ದಾನಿಗಳು ಕಟ್ಟಡಗಳಿಗೂ ಚಿನ್ನದ ಪದಕಗಳಿಗೂ ಕೊಡುವುದರ ಜೊತೆಗೆ, ಫೋನಿಲ್ಲದ ವಿದ್ಯಾರ್ಥಿಗಳಿಗೆ ಗ್ರಂಥಾಲಯದಲ್ಲಿ ಇಂಟರ್‌ನೆಟ್ ಸೌಕರ್ಯವುಳ್ಳ ನಾಲ್ಕಾರು ಕಂಪ್ಯೂಟರುಗಳನ್ನಿರಿಸಿ, ಸಂಜೆಯ ಬಸ್ಸು ಹೊರಡುವವರೆಗೆ ಆ ಕೊಠಡಿ ತೆರೆದಿರುವಂತೆ ಮಾಡಿದರೆ ಅದು ಅನ್ನದಾನಕ್ಕೆ ಸಮನಾದ ವಿದ್ಯಾದಾನವಾದೀತು.

ಗುರುವಿನಿಂದ ಬರತಕ್ಕ ಪಾದವನ್ನು ಗುರುವು ಕೊಡುತ್ತಲೇ ಇದ್ದಾನೆ. ಸ್ವಂತ ಬುದ್ಧಿಯ ಪಾದವು ವಿದ್ಯಾರ್ಥಿಯ ಕೈಯಲ್ಲಿದೆ. ಕಾಲವು ತನ್ನ ಪಾದವನ್ನು ತಪ್ಪದೆ ತಂದೊಪ್ಪಿಸುತ್ತದೆ. ಸಹಪಾಠಿಗಳ ಪಾದವೊಂದನ್ನು ಮಾತ್ರ ಏರ್ಪಡಿಸಿಕೊಡಬೇಕಾಗಿದೆ. ಅದು ಪಂಕ್ತಿಯ ಊಟದ ಬಳಿಕ ದೀಪದ ಸುತ್ತ ಬರಲಿ, ಬಸ್ಸಿನ ಕಿಟಕಿಯ ಪಕ್ಕದಲ್ಲಿ ಫೋನಿನ ಪುಟ್ಟ ಪರದೆಯ ಮೇಲೆ ಬರಲಿ, ಬರುವಂತೆ ನೋಡಿಕೊಳ್ಳುವುದು ವಿದ್ಯಾಸಂಸ್ಥೆಗಳ ಕರ್ತವ್ಯ.